ಗುಡುಗಿಗೆ ಪಿನ್ನು ಎಳೆದ ಕೈ

ಸುಳ್ಯದ ಮನೆಯಿಂದ ಅಮ್ಮ ನನಗೆ ಫೋನು ಮಾಡುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ನೆಂಟರಲ್ಲಿ ಯಾರಾದರೂ ತೀರಿಕೊಂಡರೆ. ಇನ್ನೊಂದು, ಗುಡುಗು ಬಂದರೆ. ಗುಡುಗಿನ ಫೋನು ಬಹಳ ಚಿಕ್ಕದು. ಪಿನ್ನು ಎಳೆದೆಯಾ ಎಂದು ಕೇಳುತ್ತಾಳೆ, ನಾನು ಹೂಂ ಅನ್ನುತ್ತೇನೆ, ಗುಡುಗುವಾಗ ಫೋನಿನಲ್ಲಿ ಮಾತಾಡಬಾರದೆಂದು ಗೊತ್ತಿಲ್ಲವಾ ಎಂದು ಗದರಿಸಿ ಇಟ್ಟುಬಿಡುತ್ತಾಳೆ. ಫೋನು ಮಾಡಿದ್ದು ಯಾರು ಎಂದು ಕೇಳಲು ನನಗೆ ಇವತ್ತಿನವರೆಗೆ ಎಡೆ ಸಿಕ್ಕಿಲ್ಲ.

ಪುತ್ತೂರು, ಸುಳ್ಯ, ಕಡಬದಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಏಪ್ರಿಲಿನ ಬಿಸು ಹಬ್ಬ ಹತ್ತಿರ ಬಂತೆಂದರೆ ಮಧ್ಯಾಹ್ನದ ಊಟ ಮುಗಿಯುವಷ್ಟರಲ್ಲಿ ಘಟ್ಟದ ಬದಿ ಕಪ್ಪಾಗತೊಡಗುತ್ತದೆ. ಮೊದಲ ಗುಡುಗಿಗೆ ಊರಿಗೆ ಊರೇ ಎದ್ದು ಗೋಡೆಯ ಕಡೆ ನಡೆಯುತ್ತದೆ. ಟಿವಿ, ಫ್ರಿಜ್ಜು, ಮಿಕ್ಸಿ, ಈಗೀಗ ವೈಫೈಯ ಪೆಟ್ಟಿಗೆ, ಎಲ್ಲದರ ಪಿನ್ನು ಹೊರಗೆ. ಸ್ವಿಚ್ಚು ಆಫ್ ಮಾಡಿದರೆ ಸಾಲದು. ಪಿನ್ನು ಗೋಡೆಯಿಂದ ಹೊರಗೆ ಬಂದು ಎಲ್ಲರ ಕಣ್ಣಿಗೆ ಕಾಣುವ ಹಾಗೆ ನೇತಾಡಬೇಕು. ಸಿಡಿಲು ಯಾರ ಮನೆಯಲ್ಲಿ ಏನೇನು ಸುಟ್ಟಿತು ಎಂಬುದು ಇಲ್ಲಿನ ಪ್ರತಿ ಮನೆಯವರಿಗೂ ಬಾಯಿಪಾಠ. ನಾನು ಇಲೆಕ್ಟ್ರಾನಿಕ್ಸ್ ಓದಿದವಳು, ಸಿಡಿಲು ಯಾವ ದಾರಿಯಲ್ಲಿ ಬರುತ್ತದೆಂದು ಪುಸ್ತಕದಲ್ಲಿಯೂ ಓದಿದ್ದೇನೆ. ಆದರೆ ಗುಡುಗು ಕೇಳಿದರೆ ನನ್ನ ಕೈ ಪುಸ್ತಕವನ್ನು ಕೇಳಿಕೊಂಡು ಹೋಗುವುದಿಲ್ಲ.

ಇಂಥ ಊರಿನಲ್ಲಿ ನನ್ನ ಹೊಟ್ಟೆಪಾಡು ಯಾವತ್ತೂ ಆಫ್ ಮಾಡಬಾರದ ಪೆಟ್ಟಿಗೆಗಳನ್ನು ನೋಡಿಕೊಳ್ಳುವುದು. ಪುತ್ತೂರಿನ ದರ್ಬೆಯಲ್ಲಿ ಒಂದು ಬೇಕರಿಯ ಮೇಲಿನ ಕೋಣೆ ನನ್ನ ಆಫೀಸು. ಶಾಲೆ, ಸೊಸೈಟಿ, ಸಣ್ಣ ಆಸ್ಪತ್ರೆಗಳಿಗೆ ಫೈರ್‌ವಾಲ್ ಹಾಕಿಕೊಡುತ್ತೇನೆ, ಹಾಕಿದ್ದನ್ನು ನೋಡಿಕೊಳ್ಳುತ್ತೇನೆ. ಫೈರ್‌ವಾಲ್ ಎಂದರೆ ಆಫೀಸಿನ ಕಂಪ್ಯೂಟರುಗಳಿಗೂ ಹೊರಗಿನ ಇಂಟರ್ನೆಟ್ಟಿಗೂ ನಡುವೆ ಕೂತು ಬಾಗಿಲು ಕಾಯುವ ಸಣ್ಣ ಯಂತ್ರ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂಬ ನಿಯಮಗಳೆಲ್ಲ ಅದರ ಹೊಟ್ಟೆಯಲ್ಲಿರುತ್ತವೆ. ಮದುವೆ ಮನೆಗಳಲ್ಲಿ ಯಾರಾದರೂ ಕೆಲಸ ಎಂತ ಎಂದು ಕೇಳಿದರೆ ನಾನು ಇಷ್ಟು ಹೇಳುತ್ತೇನೆ. ಅವರು ಪಕ್ಕದವರಿಗೆ, ಪಾಪ, ಎಲ್ಲಿಯೋ ಗೇಟು ಕಾಯುವ ಕೆಲಸವಂತೆ ಎಂದು ದಾಟಿಸುತ್ತಾರೆ.

ಈ ಪೆಟ್ಟಿಗೆಗಳ ತಂತ್ರಾಂಶಕ್ಕೆ ಆಗಾಗ ಅಪ್‌ಡೇಟ್ ಬರುತ್ತದೆ. ಹಾಕದಿದ್ದರೆ ಕಳ್ಳರಿಗೆ ಹಿಂಬಾಗಿಲು ತೆರೆದಿಟ್ಟ ಹಾಗೆ. ಹಾಕುವಾಗ ನಡುವೆ ಕರೆಂಟು ಹೋದರೆ ಪೆಟ್ಟಿಗೆಗೆ ಹಳೆಯದೂ ಇಲ್ಲ, ಹೊಸದೂ ಇಲ್ಲ, ಮತ್ತೆ ಏಳುವುದೇ ಇಲ್ಲ. ಅದಕ್ಕೆ ನಾನು ಎರಡು ಪದ್ಧತಿ ಇಟ್ಟುಕೊಂಡಿದ್ದೇನೆ. ಅಪ್‌ಡೇಟ್ ಹಾಕುವುದು ಬೆಳಿಗ್ಗೆ ಮಾತ್ರ, ಆಕಾಶ ತಿಳಿಯಾಗಿರುವಾಗ, ಅಲ್ಲಿದ್ದವರಿಗೆ ಹೇಳಿಯೇ. ಮತ್ತು ಎಲ್ಲಿಗೆ ಹೋದರೂ ಬರುವ ಮೊದಲು ಪೆಟ್ಟಿಗೆಯೊಳಗಿನ ನಿಯಮಗಳನ್ನೆಲ್ಲ ಒಂದು ಫೈಲಾಗಿ ನನ್ನ ಪೆನ್‌ಡ್ರೈವಿಗೆ ಇಳಿಸಿಕೊಳ್ಳುವುದು. ನನ್ನ ಅಜ್ಜಿ ಸೌತೆಬೀಜವನ್ನು ಬೂದಿಯಲ್ಲಿ ಕಲಸಿ ಗೋಡೆಗೆ ಮೆತ್ತಿ ಇಡುತ್ತಿದ್ದರು. ಬ್ಯಾಕಪ್ ಅಂದರೆ ಅಷ್ಟೇ. ಬಳ್ಳಿ ಸತ್ತರೂ ಬೀಜ ಉಂಟು ಎಂಬ ಧೈರ್ಯ.

ಕಡಬದಿಂದ ನೆಲ್ಯಾಡಿ ಕಡೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಆಸ್ಪತ್ರೆಗೆ ನಾನು ಇಂಥ ಪೆಟ್ಟಿಗೆ ಹಾಕಿಕೊಟ್ಟಿದ್ದೆ. ಅಲ್ಲಿ ರಕ್ತಪರೀಕ್ಷೆಗೆ ದೊಡ್ಡ ಲ್ಯಾಬು ಇಲ್ಲ. ಸ್ಯಾಂಪಲ್ಲು ಬೆಳಗಿನ ಬಸ್ಸಿನಲ್ಲಿ ಮಂಗಳೂರಿಗೆ ಹೋಗುತ್ತದೆ, ರಿಪೋರ್ಟು ಸಂಜೆಯೊಳಗೆ ಇಂಟರ್ನೆಟ್ಟಿನಲ್ಲಿ ಬರುತ್ತದೆ. ಬೇರೆ ಯಾರೂ ಇಣುಕದ ಹಾಗೆ ಅದು ಬರಲು ಈ ಪೆಟ್ಟಿಗೆಯೊಳಗೆ ಒಂದು ಬೀಗ ಹಾಕಿದ ದಾರಿ ಮಾಡಿಕೊಟ್ಟಿದ್ದೆ. ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಆಡಳಿತವೆಲ್ಲ ಮಂಗಳೂರಿನಲ್ಲಿರುವ ಅವರ ಅಳಿಯನದ್ದು. ಅಳಿಯ ಮೂಲದಲ್ಲಿ ನಮ್ಮ ಪುತ್ತೂರು ಬದಿಯ ಈಶ್ವರಮಂಗಲದವರು, ಆದರೆ ಅದನ್ನು ಅವರ ಬಾಯಿಂದ ಕೇಳಿದವರು ಕಡಿಮೆ.

ಕೌಂಟರಿನಲ್ಲಿ ಕೂರುವುದು ಒಬ್ಬರು ಮಲಯಾಳಿ ಹೆಂಗಸು. ಅವರ ಅಜ್ಜನ ಕಾಲಕ್ಕೆ ಕೇರಳದಿಂದ ಬಂದು ರಬ್ಬರು ನೆಟ್ಟ ಕುಟುಂಬ. ಎಲ್ಲರೂ ಅವರನ್ನು ಚೇಚಿ ಅನ್ನುತ್ತಾರೆ, ಮಲಯಾಳದಲ್ಲಿ ಅಕ್ಕ ಎಂದರ್ಥ. ನಾನೂ ಹಾಗೆಯೇ ಕರೆಯುತ್ತೇನೆ. ಆಸ್ಪತ್ರೆ ಶುರುವಾದ ದಿನದಿಂದ ಆ ಕುರ್ಚಿ ಅವರದ್ದೇ. ಬಂದವರ ಮುಖ ನೋಡಿ ತುಳುವೋ ಬ್ಯಾರಿಯೋ ಮಲಯಾಳವೋ ಎಂದು ಅಳೆದು ಮಾತು ಶುರು ಮಾಡುತ್ತಾರೆ. ಯಾರ ಊರಿನ ಕೊನೆಯ ಬಸ್ಸು ಯಾವಾಗ ಎಂದು ಗೊತ್ತಿರುವುದರಿಂದ ದೂರದವರನ್ನು ಮೊದಲು ಒಳಗೆ ಕಳುಹಿಸುತ್ತಾರೆ. ಕಂಪ್ಯೂಟರಿನಲ್ಲಿ ಮಾತ್ರ ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಾರೆ. ಅಳಿಯನ ಕಣ್ಣಿಗೆ ಬಿದ್ದದ್ದು ಆ ಬೆರಳು ಮಾತ್ರ.

ಏಪ್ರಿಲಿನ ಒಂದು ಸಂಜೆ ಅಳಿಯ ನನಗೆ ಫೋನು ಮಾಡಿದರು. ಫೈರ್‌ವಾಲಿಗೆ ತುರ್ತು ಅಪ್‌ಡೇಟ್ ಬಂದಿದೆಯೆಂದು ಎಲ್ಲಿಯೋ ಓದಿ, ಮಧ್ಯಾಹ್ನದ ಊಟ ಮಾಡಿ ಮಂಗಳೂರಿನಿಂದಲೇ ಗುಂಡಿ ಒತ್ತಿದ್ದರಂತೆ. ನನಗೆ ಹೇಳಿರಲಿಲ್ಲ, ಆಸ್ಪತ್ರೆಗೂ ಹೇಳಿರಲಿಲ್ಲ. ಅರ್ಧ ಆಗುವಷ್ಟರಲ್ಲಿ ಪೆಟ್ಟಿಗೆ ಸತ್ತಿತು. ವಿಚಾರಿಸಿದರೆ, ಗುಡುಗು ಬಂತೆಂದು ಚೇಚಿ ಪಿನ್ನು ಎಳೆದಿದ್ದರು. ಹಾಗೆಂದು ಅವರೇ ಹೇಳಿದರಂತೆ.

“ನೀವು ನಾಳೆ ಹೋಗಿ ಸರಿ ಮಾಡಿ. ಮತ್ತೆ ನಿಮ್ಮ ಲೆಟರ್‌ಹೆಡ್ಡಲ್ಲಿ ಒಂದು ರಿಪೋರ್ಟ್ ಬೇಕು, ಸ್ಟಾಫಿನ ಅಜಾಗ್ರತೆಯಿಂದ ಹಾಳಾದದ್ದು ಅಂತ. ಸಂಜೆ ನಾನೇ ಬಂದು ತಕೊಳ್ತೇನೆ. ಕಂಪ್ಯೂಟರ್ ಗೊತ್ತಿರುವವರನ್ನು ಆ ಕೌಂಟರಲ್ಲಿ ಕೂರಿಸುವ ಅಂತ ಮಾವನಿಗೆ ಎಷ್ಟು ಸಲ ಹೇಳಿಯಾಯ್ತು. ಕಾಗದದಲ್ಲಿ ಇದ್ರೆ ಅವರೂ ಒಪ್ತಾರೆ.”

ನನಗೆ ಸಿಟ್ಟು ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಆದರೆ ಸಿಟ್ಟಿನ ಜೊತೆ ಒಂದು ಅಂಜಿಕೆಯೂ ಇತ್ತು. ಇವರು ಮನಸ್ಸು ಮಾಡಿದರೆ ನನ್ನನ್ನೂ ಬಿಡಿಸಿ ಬೇರೆಯವರನ್ನು ತರಬಲ್ಲರು. ನೋಡಿ ಹೇಳುತ್ತೇನೆ ಎಂದಷ್ಟೇ ಅಂದು ಫೋನಿಟ್ಟೆ. ಆ ಕೌಂಟರಿನಲ್ಲಿ ನಾನಿದ್ದರೂ ಪಿನ್ನು ಎಳೆಯುತ್ತಿದ್ದೆ. ಅದು ನನಗೆ ಆಗಲೇ ಸ್ಪಷ್ಟವಿತ್ತು.

ಮರುದಿನ ಬೆಳಿಗ್ಗೆ ಸ್ಕೂಟರಿನಲ್ಲಿ ಸವಣೂರು ಕಳೆದು, ಶಾಂತಿಮೊಗರು ಸೇತುವೆ ದಾಟಿ, ಆಲಂಕಾರು ಹಾದು ಕಡಬಕ್ಕೆ ಹೋದೆ. ದಾರಿಯುದ್ದಕ್ಕೂ ಒಂದೇ ತೀರ್ಮಾನ ಮಾಡಿಕೊಳ್ಳುತ್ತಿದ್ದೆ. ಅಳಿಯ ಬರುವ ಮೊದಲು ಪೆಟ್ಟಿಗೆ ಎದ್ದು ಕೂತಿರಬೇಕು. ಪೆಟ್ಟಿಗೆ ಸತ್ತೇ ಇದ್ದರೆ ಯಾರದು ತಪ್ಪು ಎಂಬ ಮಾತಿಗೆ ಬಲ ಬರುತ್ತದೆ. ಕೆಲಸ ನಡೆಯುತ್ತಿದ್ದರೆ ಚೇಚಿಯ ಕುರ್ಚಿಯ ಪರವಾಗಿ ನಾನು ಬಾಯಿ ಬಿಡಬಹುದು.

ಆಸ್ಪತ್ರೆಯಲ್ಲಿ ಜನ ತುಂಬಿತ್ತು. ಹಿಂದಿನ ದಿನದ ರಿಪೋರ್ಟು ಯಾರಿಗೂ ಸಿಕ್ಕಿರಲಿಲ್ಲ. ಚೇಚಿ ಕೌಂಟರಿನ ಲ್ಯಾಂಡ್‌ಲೈನಿನಿಂದ ಲ್ಯಾಬಿಗೆ ಫೋನು ಮಾಡಿ, ಒಬ್ಬೊಬ್ಬರದ್ದನ್ನೂ ಕೇಳಿ ಚೀಟಿಯಲ್ಲಿ ಬರೆದು ಡಾಕ್ಟರಿಗೆ ಕಳುಹಿಸುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಅಲ್ಲಿಯವರೆಗೆ ಅವರು ನನಗಾಗಿ ಎದ್ದು ನಿಂತದ್ದಿಲ್ಲ. ಅದು ನನಗೆ ಸಂಕಟವಾಯಿತು.

“ನಾನೇ ಎಳೆದದ್ದು. ಗುಡುಗು ಬಂತು, ಎಳೆದೆ. ಸಿಸ್ಟರುಗಳ ಹೆಸರು ಯಾರದ್ದೂ ಹಾಕ್ಬೇಡಿ.”

ಅಪ್‌ಡೇಟ್ ಆಗುತ್ತಿದೆ ಎಂದು ನಿಮಗೆ ಯಾರಾದರೂ ಹೇಳಿದ್ದರಾ ಎಂದು ಕೇಳಿದೆ. ಯಾರೂ ಹೇಳಿರಲಿಲ್ಲ. ಕಳೆದ ವರ್ಷ ಎಕ್ಸ್‌ರೇ ಕೋಣೆಯ ಕಂಪ್ಯೂಟರಿನ ಪಿನ್ನು ಎಳೆಯಲು ಯಾರಿಗೂ ನೆನಪಾಗದೆ ಅದು ಸಿಡಿಲಿಗೆ ಹೋಗಿತ್ತು. ಆಮೇಲೆ ಗುಡುಗಿದಾಗಲೆಲ್ಲ ಇಡೀ ಆಸ್ಪತ್ರೆ ಸುತ್ತಿ ಪಿನ್ನು ಎಳೆಯುವ ಕೆಲಸವನ್ನು ಚೇಚಿಗೆ ಒಪ್ಪಿಸಿದ್ದು ಸ್ವತಃ ಡಾಕ್ಟರು. ಅಂದರೆ ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡಿದ್ದಕ್ಕೆ ಈಗ ಈ ಪಾಡು. ಅಳಿಯ ಕೇಳಿದ ರಿಪೋರ್ಟಿನ ಸುದ್ದಿ ಚೇಚಿಗೂ ಮುಟ್ಟಿತ್ತು. ಬರೆಯುವುದಾದರೆ ಇದ್ದದ್ದನ್ನು ಬರೆಯಿರಿ ಎಂದರು. ಆಮೇಲೆ ಸ್ವರ ಇಳಿಸಿ, “ಇನ್ನು ಬೇರೆ ಕಡೆ ಹೋಗಿ ಹೊಸತು ಕಲೀಲಿಕ್ಕೆ ನಂಗೆ ಆಗುದಿಲ್ಲ ಮೋಳೆ” ಅಂದರು. ಮೋಳೆ ಅಂದರೆ ಮಗಳೇ. ಅಲ್ಲಿಯತನಕ ನಾನು ಅವರಿಗೆ ಮೇಡಂ ಆಗಿದ್ದೆ.

ಪೆಟ್ಟಿಗೆ ಇದ್ದದ್ದು ಕೌಂಟರಿನ ಹಿಂದಿನ ಸಣ್ಣ ಕೋಣೆಯಲ್ಲಿ, ಔಷಧಿಯ ಖಾಲಿ ರಟ್ಟುಗಳ ನಡುವೆ. ಬುತ್ತಿಪಾತ್ರೆಯಷ್ಟು ದೊಡ್ಡದು, ಕಪ್ಪು. ಲ್ಯಾಪ್‌ಟಾಪಿಗೆ ಜೋಡಿಸಿ ಎಬ್ಬಿಸಿ ನೋಡಿದೆ. ನಾಲ್ಕು ಸಾಲು ಅಕ್ಷರ ತೋರಿಸಿ ಅಲ್ಲಿಯೇ ನಿಂತಿತು. ಮತ್ತೆ ಎಬ್ಬಿಸಿದೆ, ಮತ್ತೆ ಅಲ್ಲಿಯೇ. ಯಂತ್ರಕ್ಕೆ ಏನೂ ಆಗಿರಲಿಲ್ಲ, ಒಳಗಿನ ತಂತ್ರಾಂಶ ಮಾತ್ರ ಚಿಂದಿಯಾಗಿತ್ತು. ಇಂಥದ್ದಕ್ಕೆ ತೇಪೆ ಹಾಕಲು ಹೋಗಬಾರದು. ಪೂರ್ತಿ ಅಳಿಸಿ ಹೊಸದಾಗಿ ಹಾಕಬೇಕು, ಆಮೇಲೆ ಬ್ಯಾಕಪ್ಪಿನ ಫೈಲು ಕೊಟ್ಟು ಹಳೆಯ ನಿಯಮಗಳನ್ನು ವಾಪಸು ತರಬೇಕು.

ಹೊಸ ತಂತ್ರಾಂಶವನ್ನು ಒಂದು ಪೆನ್‌ಡ್ರೈವಿನಲ್ಲಿ ತಂದಿದ್ದೆ. ಹಾಕಲು ಶುರು ಮಾಡಿದರೆ ಅರ್ಧಕ್ಕೆ ನಿಂತಿತು. ಮತ್ತೆ ಹಾಕಿದೆ, ಅದೇ ಅರ್ಧಕ್ಕೆ ನಿಂತಿತು. ಪೆಟ್ಟಿಗೆಯನ್ನೂ ಬೈದೆ, ಅಳಿಯನನ್ನೂ ಬೈದೆ. ಕೊನೆಗೆ ನೋಡಿದರೆ ನನ್ನ ಪೆನ್‌ಡ್ರೈವೇ ಕೆಟ್ಟಿತ್ತು. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ನನಗೆ ನಾನೇ ಹೇಳಿಕೊಂಡೆ. ಬ್ಯಾಕಪ್ ಇದ್ದದ್ದು ಬೇರೆ ಪೆನ್‌ಡ್ರೈವಿನಲ್ಲಿ, ಅದು ಸರಿ ಇತ್ತು. ಬೀಜ ಉಂಟು, ಬಿತ್ತಲು ಗದ್ದೆ ಇಲ್ಲ.

ತಂತ್ರಾಂಶವನ್ನು ಹೊಸದಾಗಿ ಇಳಿಸಿಕೊಳ್ಳಬೇಕು. ಆದರೆ ಇಂಟರ್ನೆಟ್ಟು ಬರುವುದು ಆ ಪೆಟ್ಟಿಗೆಯ ಮೂಲಕವೇ, ಪೆಟ್ಟಿಗೆ ಸತ್ತಿದೆ. ಅದನ್ನು ತಪ್ಪಿಸಿ ಹೊರಗಿನ ಲೈನನ್ನು ನೇರವಾಗಿ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ, ಆ ಲೈನಿನ ಪಾಸ್‌ವರ್ಡು ಅಳಿಯನ ಹತ್ತಿರ. ಅವರಿಗೆ ಫೋನು ಮಾಡಿ ಕೇಳಲು ಮನಸ್ಸಾಗಲಿಲ್ಲ. ಕೇಳಿದರೆ ರಿಪೋರ್ಟಿನ ಮಾತು ಬರುತ್ತದೆ. ಮೊಬೈಲಿಗೆ ಆಸ್ಪತ್ರೆಯ ಒಳಗೆ ರೇಂಜು ಇಲ್ಲ, ಗುಡ್ಡದ ಮರೆ. ರೇಂಜು ಸಿಗುವುದು ಮೇಲಿನ ತಿರುವಿನ ಬಸ್‌ಸ್ಟಾಂಡಿನಲ್ಲಿ, ಅದೂ ಅದರ ಎಡಗಡೆಯ ಮೂಲೆಯಲ್ಲಿ. ಆ ಮೂಲೆಯ ಕಟ್ಟೆ ಕೂತು ಕೂತು ನುಣುಪಾಗಿದೆ.

ನಾನೂ ಅಲ್ಲಿ ಹೋಗಿ ಕೂತೆ. ಮಡಿಲಲ್ಲಿ ಲ್ಯಾಪ್‌ಟಾಪು, ಪಕ್ಕದಲ್ಲಿ ಮೊಬೈಲು. ಫೈಲು ದೊಡ್ಡದು, ರೇಂಜು ಚಿಕ್ಕದು. ಬಸ್ಸು ಬಂದಾಗಲೆಲ್ಲ ಕಂಡಕ್ಟರು ನನ್ನನ್ನು ನೋಡಿ ಸೀಟಿ ಹಿಡಿದು ಕಾಯುತ್ತಿದ್ದ, ನಾನು ಬರುವುದಿಲ್ಲವೆಂದು ಕೈಯಾಡಿಸುತ್ತಿದ್ದೆ. ಒಂದು ಸಲ ನಡುವೆ ಕಡಿದುಹೋಗಿ ಮೊದಲಿನಿಂದ ಶುರು ಮಾಡಬೇಕಾಯಿತು. ಆಗ ಕಣ್ಣಲ್ಲಿ ನೀರು ಬಂದದ್ದು ನಿಜ. ಎದ್ದು ಹೋಗಿಬಿಡಬಹುದಿತ್ತು, ನಾಳೆ ಬರುತ್ತೇನೆ ಎಂದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಆದರೆ ಹಾಗೆ ಹೋದರೆ ಸಂಜೆ ಅಳಿಯನ ಎದುರು ಆ ಹೆಂಗಸು ಒಬ್ಬರೇ ನಿಲ್ಲಬೇಕು. ನಾನು ಹಠಮಾರಿ ಎಂದು ಅಮ್ಮ ಹೇಳುವುದು ಹೊಗಳಿಕೆಗೆ ಅಲ್ಲ, ಆದರೆ ಆ ದಿನ ಅದು ಕೆಲಸಕ್ಕೆ ಬಂತು.

ಫೈಲು ಇಳಿದು ಮುಗಿದಾಗ ಊಟದ ಹೊತ್ತು ದಾಟಿತ್ತು. ತಲೆಯೆತ್ತಿ ನೋಡಿದರೆ ಘಟ್ಟದ ಬದಿ ಕಪ್ಪು. ಗಾಳಿ ನಿಂತಿತ್ತು. ಆಸ್ಪತ್ರೆಗೆ ಬರುವಷ್ಟರಲ್ಲಿ ದೂರದಲ್ಲಿ ಒಮ್ಮೆ ಗುಡುಗಿತು, ಪಾತ್ರೆ ಉರುಳಿದ ಹಾಗೆ. ಚೇಚಿ ಬಾಗಿಲಲ್ಲಿ ನಿಂತು ಆಕಾಶ ನೋಡುತ್ತಿದ್ದರು. ಇನ್ನು ಸ್ವಲ್ಪ ಹೊತ್ತಿನಲ್ಲಿ ತಲೆಯ ಮೇಲೆಯೇ ಬರುತ್ತದೆ ಅಂದರು. ಅವರ ಕೈ ಆಗಲೇ ಫ್ಯಾನಿನ ಪಿನ್ನಿನ ಮೇಲಿತ್ತು, ನನ್ನ ಮುಖ ನೋಡಿ ಹಿಂದೆ ತೆಗೆದುಕೊಂಡರು. ಅದನ್ನು ನೋಡಿ ನನಗೆ ಬಹಳ ಬೇಸರವಾಯಿತು. ಸರಿಯಾದ ಕೆಲಸ ಮಾಡಲು ಆ ಕೈ ಹೆದರಬಾರದಾಗಿತ್ತು.

ಈಗ ಕಷ್ಟ ಇದ್ದದ್ದು ಇಲ್ಲಿ. ತಂತ್ರಾಂಶ ಹಾಕುವಾಗ ಪಿನ್ನು ಎಳೆದರೆ ನಿನ್ನೆಯ ಕತೆಯೇ ಮತ್ತೆ. ಎಳೆಯದೆ ಬಿಟ್ಟು ಸಿಡಿಲು ಬಡಿದರೆ ತಂತ್ರಾಂಶ ಬಿಡಿ, ಪೆಟ್ಟಿಗೆಯೇ ಇಲ್ಲ. ಇನ್ವರ್ಟರ್ ಉಂಟಲ್ಲ ಎಂದು ಯಾರಾದರೂ ಕೇಳಬಹುದು. ಇನ್ವರ್ಟರಿಗೂ ಕರೆಂಟು ಬರುವುದು ಗೋಡೆಯಿಂದಲೇ, ಸಿಡಿಲಿಗೂ ಅದೇ ದಾರಿ. ಮಳೆ ನಿಲ್ಲುವವರೆಗೆ ಕಾಯೋಣವೆಂದರೆ ಅಳಿಯ ಮಂಗಳೂರು ಬಿಟ್ಟಾಗಿತ್ತು, ಡಾಕ್ಟರಿಗೆ ಫೋನು ಬಂದಿತ್ತು.

ಪೆಟ್ಟಿಗೆಯ ಅಡಾಪ್ಟರನ್ನು ಕೈಯಲ್ಲಿ ಹಿಡಿದು ಸುಮ್ಮನೆ ತಿರುಗಿಸುತ್ತಿದ್ದೆ. ಅದರ ಮೇಲೆ ಹನ್ನೆರಡು ವೋಲ್ಟ್ ಎಂದು ಬರೆದಿತ್ತು. ಎಷ್ಟೋ ಸಲ ಓದಿದ್ದನ್ನು ಆ ಹೊತ್ತಿಗೆ ಹೊಸದಾಗಿ ಓದಿದೆ. ಹನ್ನೆರಡು ವೋಲ್ಟ್ ಅಂದರೆ ಗಾಡಿಯ ಬ್ಯಾಟರಿ. ನನ್ನ ಸ್ಕೂಟರಿನದ್ದು ಚಿಕ್ಕದಾಯಿತು.

“ಚೇಚಿ, ನಿಮ್ಮಲ್ಲಿ ಜೀಪು ಉಂಟಲ್ಲ?”

“ಉಂಟು. ಎಂತಕ್ಕೆ?”

“ಅದರ ಬ್ಯಾಟರಿ ಬೇಕು.”

ಅವರ ಗಂಡ ರಬ್ಬರು ಶೀಟು ಸಾಗಿಸುವ ಜೀಪನ್ನು ಅಂಗಳಕ್ಕೆ ತಂದು ನಿಲ್ಲಿಸುವಾಗ ಮೊದಲ ಹನಿ ಬೀಳುತ್ತಿತ್ತು. ಹೆಚ್ಚು ಪ್ರಶ್ನೆ ಕೇಳುವ ಮನುಷ್ಯ ಅಲ್ಲ. ಸ್ಪಾನರು ತೆಗೆದು ಬ್ಯಾಟರಿ ಬಿಚ್ಚಿ, ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಹಿಂದಿನ ಕೋಣೆಯ ನೆಲದಲ್ಲಿಟ್ಟರು. ನಾನು ಚೀಲದಲ್ಲಿದ್ದ ಒಂದು ಹಳೆಯ ಅಡಾಪ್ಟರಿನ ವಯರು ಕತ್ತರಿಸಿ, ತುದಿ ಸುಲಿದು, ಪ್ಲಸ್ ಯಾವುದು ಮೈನಸ್ ಯಾವುದು ಎಂದು ಮೀಟರಿನಲ್ಲಿ ನೋಡಿ ನೋಡಿ ಬ್ಯಾಟರಿಗೆ ಕಟ್ಟಿದೆ. ಅದಲುಬದಲಾದರೆ ಸಿಡಿಲು ಮಾಡುವ ಕೆಲಸವನ್ನು ನಾನೇ ಮಾಡಿದ ಹಾಗೆ ಆಗುತ್ತಿತ್ತು. ಪೆಟ್ಟಿಗೆಗೆ ಸಿಕ್ಕಿಸಿದಾಗ ಹಸಿರು ದೀಪ ಹತ್ತಿತು. ಲ್ಯಾಪ್‌ಟಾಪು ಅದರ ಸ್ವಂತ ಬ್ಯಾಟರಿಯಲ್ಲಿತ್ತು. ಪೆಟ್ಟಿಗೆಗೆ ಬರುವ ಬೇರೆ ಎಲ್ಲ ವಯರುಗಳನ್ನೂ ಬಿಡಿಸಿ ಹಾಕಿದೆ. ಗೋಡೆಗೂ ನಮಗೂ ಈಗ ಸಂಬಂಧವಿರಲಿಲ್ಲ. ಹಾವೂ ಸಾಯದು, ಕೋಲೂ ಮುರಿಯದು.

“ಚೇಚಿ, ಇನ್ನು ನೀವು ಎಲ್ಲ ಪಿನ್ನು ಎಳೀರಿ. ಒಂದೂ ಬಿಡ್ಬೇಡಿ.”

ಅವರು ಆ ದಿನ ಮೊದಲ ಸಲ ನಕ್ಕರು. ಸೆರಗು ಸಿಕ್ಕಿಸಿಕೊಂಡು ಕೋಣೆಯಿಂದ ಕೋಣೆಗೆ ಹೋದರು. ಕಂಪ್ಯೂಟರು, ಪ್ರಿಂಟರು, ಎಕ್ಸ್‌ರೇ ಕೋಣೆಯದ್ದು, ನೀರಿನ ಫಿಲ್ಟರಿನದ್ದು, ಕಾಯುತ್ತಿದ್ದವರ ತಲೆಯ ಮೇಲಿನ ಟಿವಿಯದ್ದು. ಬೆಂಚಿನಲ್ಲಿದ್ದ ಒಬ್ಬ ಬ್ಯಾರಿ ಅಜ್ಜ ತಾನೇ ಎದ್ದು ತನ್ನ ಪಕ್ಕದ ಫ್ಯಾನಿನ ಪಿನ್ನು ಎಳೆದುಕೊಟ್ಟರು. ಚೇಚಿ ವಾಪಸು ಬಂದು ಬಾಗಿಲಿಗೆ ಒರಗಿ ನಿಂತಾಗ ಆಸ್ಪತ್ರೆಯ ಗೋಡೆಗಳಲ್ಲೆಲ್ಲ ಪಿನ್ನುಗಳು ನೇತಾಡುತ್ತಿದ್ದವು.

ನಾನು ತಂತ್ರಾಂಶ ಹಾಕಲು ಶುರು ಮಾಡಿದೆ. ಪರದೆಯ ಮೇಲೆ ಒಂದು ಗೆರೆ ಎಡದಿಂದ ಬಲಕ್ಕೆ ನಿಧಾನವಾಗಿ ತುಂಬುತ್ತದೆ. ಹಿಂದೆ ನಿಂತಿದ್ದ ಅರ್ಧವನ್ನು ದಾಟಿದಾಗ ಉಸಿರು ಬಿಟ್ಟೆ. ಮಳೆ ಹಂಚಿನ ಮೇಲೆ ಸುರಿಯುತ್ತಿತ್ತು, ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಆಗ ಕಿಟಕಿ ಒಮ್ಮೆಗೇ ಬೆಳ್ಳಗಾಯಿತು, ಬೆಳಕೂ ಶಬ್ದವೂ ಒಟ್ಟಿಗೆ. ನೆಲ ಅದುರಿತು. ಹಿಂದಿನ ತೋಟದ ತೆಂಗಿನಮರಕ್ಕೆ ಬಡಿದಿತ್ತು, ಅದು ಆಮೇಲೆ ಗೊತ್ತಾದದ್ದು. ಊರಿನ ಕರೆಂಟು ಹೋಯಿತು. ಬೆಂಚಿನಲ್ಲಿದ್ದ ಒಂದು ಮಗು ಅಳತೊಡಗಿತು. ಕಣ್ಣು ಬಿಟ್ಟು ನೋಡಿದರೆ ಕತ್ತಲ ಕೋಣೆಯಲ್ಲಿ ಹಸಿರು ದೀಪ ಹಾಗೆಯೇ ಇತ್ತು, ಗೆರೆ ತುಂಬುತ್ತಲೇ ಇತ್ತು. ನನ್ನ ಕೈ ಚೇಚಿಯ ಕೈಯನ್ನು ಬಿಗಿಯಾಗಿ ಹಿಡಿದಿತ್ತು. ಅವರು ಮಲಯಾಳದಲ್ಲಿ ಪ್ರಾರ್ಥನೆ ಹೇಳುತ್ತಿದ್ದರು. ನಾನು ನಮ್ಮ ಮನೆಮಾತು ಅರೆಭಾಷೆಯಲ್ಲಿ ಸಿಡಿಲಿಗೆ ಏನು ಹೇಳುತ್ತಿದ್ದೆ ಎಂಬುದನ್ನು ಇಲ್ಲಿ ಬರೆಯಲು ಬರುವುದಿಲ್ಲ.

ಗೆರೆ ಪೂರ್ತಿಯಾಯಿತು. ಬ್ಯಾಕಪ್ಪಿನ ಫೈಲು ಕೊಟ್ಟೆ. ಪೆಟ್ಟಿಗೆ ಒಮ್ಮೆ ಮಲಗಿ ಎದ್ದಿತು, ಎದ್ದ ಮೇಲೆ ನನ್ನ ಲ್ಯಾಪ್‌ಟಾಪಿನ ಪರಿಚಯವೇ ಇಲ್ಲದ ಹಾಗೆ ಕೂತಿತು. ನಾನು ಹೆದರಿದ್ದು ಇದಕ್ಕೇ. ಹೊಸ ತಂತ್ರಾಂಶ ಪೆಟ್ಟಿಗೆಯ ಬಾಗಿಲುಗಳನ್ನು, ಅಂದರೆ ವಯರು ಸಿಕ್ಕಿಸುವ ತೂತುಗಳನ್ನು, ತನ್ನದೇ ಲೆಕ್ಕದಲ್ಲಿ ಎಣಿಸುತ್ತದೆ. ಹಳೆಯ ನಿಯಮದಲ್ಲಿ ಮುಂಬಾಗಿಲು ಅಂದದ್ದು ಈಗ ಹಿಂಬಾಗಿಲು. ಇದಕ್ಕೆ ದೊಡ್ಡ ವಿದ್ಯೆ ಬೇಡ, ತಾಳ್ಮೆ ಬೇಕು. ಒಂದು ವಯರು ಸಿಕ್ಕಿಸುವುದು, ಪರದೆಯಲ್ಲಿ ಯಾವ ಬಾಗಿಲು ಎಚ್ಚರವಾಯಿತೆಂದು ನೋಡುವುದು, ಎಳೆಯುವುದು, ಮುಂದಿನದು. ಚೇಚಿ ವಯರು ಸಿಕ್ಕಿಸಿದರು, ಎಳೆದರು, ನಾನು ನೋಡಿ ಬರೆದುಕೊಂಡೆ. ಎಳೆಯುವುದರಲ್ಲಿ ಅವರಿಗೆ ಒಳ್ಳೆಯ ಅಭ್ಯಾಸ ಇದೆ ಎಂದು ತಮಾಷೆ ಮಾಡಿದೆ. ನನ್ನ ಬೆನ್ನಿಗೆ ಒಂದು ಗುದ್ದು ಬಿತ್ತು.

ಬಾಗಿಲುಗಳ ಹೆಸರು ಸರಿ ಮಾಡಿ ಮುಗಿಸುವಾಗ ಮಳೆ ಹಿಡಿತಕ್ಕೆ ಬಂದಿತ್ತು, ಕರೆಂಟೂ ಬಂತು. ಹೊರಗಿನಿಂದ ಬರುವ ಇಂಟರ್ನೆಟ್ಟಿನ ಲೈನು ಫೈಬರ್, ಅಂದರೆ ಗಾಜಿನ ನೂಲು, ಅದಕ್ಕೆ ಸಿಡಿಲು ಹತ್ತುವುದಿಲ್ಲ. ಅದರ ಸಣ್ಣ ಪೆಟ್ಟಿಗೆಯನ್ನೂ ಜೀಪಿನ ಬ್ಯಾಟರಿಗೇ ಕಟ್ಟಿದೆ. ಲ್ಯಾಬಿನ ಬೀಗದ ದಾರಿ ತೆರೆದುಕೊಂಡಿತು. ಕೌಂಟರಿನ ಕಂಪ್ಯೂಟರಿಗೂ ಪ್ರಿಂಟರಿಗೂ ಪಿನ್ನು ಹಾಕಿದ ಕೂಡಲೇ ಪ್ರಿಂಟರು ನಿನ್ನೆಯಿಂದ ತಡೆದುಹೋಗಿದ್ದ ರಿಪೋರ್ಟುಗಳನ್ನು ಒಂದರ ಹಿಂದೆ ಒಂದು ಉಗುಳಿತು. ಚೇಚಿ ಒಂದೊಂದನ್ನೂ ಎತ್ತಿ, ಹೆಸರು ಓದದೆ ಮುಖ ನೋಡಿಯೇ ಹಂಚಿದರು, ಆಲಂಕಾರಿನ ಬಸ್ಸಿನವರಿಗೆ ಮೊದಲು.

ಅಳಿಯ ಬಂದಾಗ ಸಂಜೆಯ ಮಬ್ಬು. ದಾರಿಯಲ್ಲಿ ಮರ ಬಿದ್ದು ತಡವಾಗಿತ್ತು, ಅಂಗಿ ಒದ್ದೆಯಾಗಿತ್ತು. ಕೌಂಟರಿನ ಮೇಲೆಯೇ ಲ್ಯಾಪ್‌ಟಾಪು ತೆರೆದು, ಚಾರ್ಜರನ್ನು ಗೋಡೆಗೆ ಸಿಕ್ಕಿಸಿ, ಎಲ್ಲ ಸರಿಯಾಗಿದೆಯೇ ಎಂದು ಪರೀಕ್ಷಿಸಿದರು. ಸರಿ ಇತ್ತು. ಡಾಕ್ಟರು ತಮ್ಮ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಚೇಚಿ ತಮ್ಮ ಕುರ್ಚಿಯ ಹಿಂದೆ ನಿಂತಿದ್ದರು, ಕೂತಿರಲಿಲ್ಲ.

ರಿಪೋರ್ಟು ಎಲ್ಲಿ ಎಂದು ಅಳಿಯ ಕೇಳಿದರು. ನಾನು ಬರೆದಿಟ್ಟಿದ್ದನ್ನು ಕೊಟ್ಟೆ. ಅದರಲ್ಲಿ ಹೆಚ್ಚೇನಿರಲಿಲ್ಲ. ಗುಡುಗಿನ ಹೊತ್ತಿನಲ್ಲಿ, ಆಸ್ಪತ್ರೆಯವರಿಗೆ ತಿಳಿಸದೆ ಅಪ್‌ಡೇಟ್ ಆರಂಭಿಸಿದ್ದರಿಂದ ಹೀಗಾಯಿತು. ಸಿಬ್ಬಂದಿ ತಮಗೆ ಒಪ್ಪಿಸಿದ ಕೆಲಸವನ್ನೇ ಮಾಡಿದ್ದಾರೆ ಎಂದು ಬರೆದಿದ್ದೆ.

ಅವರು ಓದಿದರು. ಮುಖ ಬಿಗಿಯಿತು. ನಾನು ಕೇಳಿದ್ದು ಇದಲ್ಲ ಎಂದರು. ನಡೆದದ್ದು ಇದೇ ಎಂದೆ. ಆಗ ಹೊರಗೆ ದೂರದಲ್ಲಿ ಸಣ್ಣಗೆ ಗುಡುಗಿತು. ಎರಡನೆಯ ಸುತ್ತು ಬರುತ್ತಿತ್ತು. ಚೇಚಿ ಸದ್ದಿಲ್ಲದೆ ಬಗ್ಗಿ ಕೌಂಟರಿನ ಕೆಳಗೆ ಏನೋ ಮಾಡಿ ಮತ್ತೆ ನೆಟ್ಟಗೆ ನಿಂತರು. ಅಳಿಯ ಅದನ್ನು ಗಮನಿಸಲಿಲ್ಲ. ಅವರ ಕಣ್ಣು ನನ್ನ ಮೇಲಿತ್ತು.

“ನೀವೇ ಹೇಳಿ ಮಾರಾಯ್ರೆ, ದೀಪ ಉರೀತಾ ಇರುವ ಪೆಟ್ಟಿಗೆಯ ಪಿನ್ನನ್ನು ತಲೆ ಸರಿ ಇರುವವರು ಯಾರಾದ್ರೂ ಎಳೀತಾರಾ? ಕೇಳುದಿಲ್ವಾ, ಎಳೀಬಹುದಾ ಅಂತ ಒಂದು ಮಾತು…”

ಆ ಮಾತು ಮುಗಿಯಲಿಲ್ಲ. ಕಿಟಕಿ ಬೆಳಗಿತು, ಹಿಂದೆಯೇ ತಲೆಯ ಮೇಲ್ಗಡೆ ಗುಡುಗು ಸಿಡಿಯಿತು. ನಾನು ಬೆಚ್ಚಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅಳಿಯ ಗೋಡೆಯ ಹತ್ತಿರವಿದ್ದರು. ಅವರ ಲ್ಯಾಪ್‌ಟಾಪಿನ ಚಾರ್ಜರಿನ ಪಿನ್ನು ಅವರ ಕೈಯಲ್ಲಿತ್ತು. ಪರದೆಯಲ್ಲಿ ಅವರದೇ ಕೆಲಸ ಅರ್ಧದಲ್ಲಿತ್ತು. ಯಾರನ್ನೂ ಏನೂ ಕೇಳಿರಲಿಲ್ಲ.

ಯಾರೂ ನಗಲಿಲ್ಲ. ಡಾಕ್ಟರು ಅಳಿಯನ ಕೈಯನ್ನು ನೋಡಿದರು, ಆಮೇಲೆ ಮಳೆಯನ್ನು ನೋಡಿದರು. ಅಳಿಯ ಈಶ್ವರಮಂಗಲದ ಮನೆಯಲ್ಲಿ ಯಾರ ಗದರಿಕೆ ಕೇಳಿ ಬೆಳೆದಿದ್ದರೋ ನನಗೆ ಗೊತ್ತಿಲ್ಲ, ಆದರೆ ಅವರಿಗೂ ನನ್ನ ಅಮ್ಮನಂಥ ಅಮ್ಮ ಒಬ್ಬರು ಇದ್ದಿರಬೇಕು. ಅವರು ಪಿನ್ನನ್ನು ಮೆಲ್ಲಗೆ ಕೌಂಟರಿನ ಮೇಲಿಟ್ಟು, ನನ್ನ ರಿಪೋರ್ಟನ್ನು ಮಡಚಿ ಒದ್ದೆ ಜೇಬಿಗೆ ಹಾಕಿಕೊಂಡರು. ಚೇಚಿಗೆ ಕುರ್ಚಿ ತೋರಿಸಿ ಕೂರಲು ಕೈಸನ್ನೆ ಮಾಡಿದರು. ಚೇಚಿ ಕೂತರು. ಇನ್ನೊಂದು ಗುಡುಗು ಉರುಳಿ ಹೋಗುವವರೆಗೆ ಕಾದು ಅಳಿಯ ಕೇಳಿದರು.

“ಪ್ರಿಂಟರಿದ್ದು ಎಳೆದಿದ್ದೀರಾ?”

“ಅದು ಆಗ್ಲೇ ಎಳೆದಾಯ್ತು” ಅಂದರು ಚೇಚಿ.